ದೊಡ್ಡ ಮನೆಯ ಬಾಣಸವೆರ್ಗಡೆ

ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದುವವರಿಗೆ ‘ಬಾಣಸವೆರ್ಗಡೆ’ ಎಂಬ ಮಾತು ಹೊಸದಲ್ಲ. ಮಹಾಪ್ರಧಾನ, ದಂಡನಾಯಕ ಮೊದಲಾದ ಭಾರಿ ಬಿರುದುಗಳ ಸಾಲಿನಲ್ಲಿ ಇದೂ ಒಂದಾಗಿ ಕುಳಿತಿರುತ್ತದೆ. ಬಾಣಸವೆಂದರೆ ಅಡಿಗೆಮನೆ, ಸಂಸ್ಕೃತದ ‘ಮಹಾನಸ’ ನಮ್ಮವರ ನಾಲಗೆಯ ಮೇಲೆ ಸವೆದು ಆದ ರೂಪ. ವೆರ್ಗಡೆಯೆಂದರೆ ಹೆಗ್ಗಡೆ. ಅರಸನ ಅಡಿಗೆಮನೆಯ ಮೇಲಾಳಿಕೆಯನ್ನು ದಂಡು ನಡೆಯಿಸಬಲ್ಲ ಮನುಷ್ಯನಿಗೇ ಒಪ್ಪಿಸುತ್ತಿದ್ದರೆಂದಾಯಿತು. ತರಗತಿಯಲ್ಲಿ ಈ ಮಾತನ್ನು ಬಿಡಿಸಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗೆಯೊಂದು ಏಳುತ್ತದೆ: “ಅಡಿಗಿ ಮಾಡಾವ ಸೇನಾಪತಿ ಹೆಂಗ ಆದಾನ್ರೀ ಸರ್?” ವಿರಾಟನ ಮನೆಯಲ್ಲಿ ಸೌಟು ಹಿಡಿದ ವಲಲನು ಯಾರೆಂಬುದನ್ನು ನೆನಪಿಸಿ ನಾನು ಪಾಠವನ್ನು ಮುಂದಕ್ಕೆ ನೂಕುತ್ತೇನೆ. ಆದರೆ ಆ ಮಾತು ಬಂದಾಗ ನನ್ನ ಕಣ್ಣೆದುರಿಗೆ ಬಂದು ನಿಲ್ಲುವವನು ಭೀಮನಲ್ಲ. ಯಲವಿಗಿಯ ನಮ್ಮ ಹಳೆಯ ಮನೆಯ ದೊಡ್ಡವ್ವ.

ಹುಬ್ಬಳ್ಳಿಯಿಂದ ಹಾವೇರಿಯತ್ತ ಹೊರಟ ರೈಲು ಕುಂದಗೋಳ, ಗುಡಗೇರಿಗಳನ್ನು ದಾಟಿ ಯಲವಿಗಿಗೆ ಬರುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯವರು ಹಾಕಿದ ದಾರಿ ಅದು. ಊರು ಇಂದು ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನಲ್ಲಿದೆ. 1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಒಂದು ಮಗ್ಗುಲಿಗೆ ಲಕ್ಷ್ಮೇಶ್ವರ, ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಹಳೆಯ ಪುಲಿಗೆರೆ. ಇನ್ನೊಂದು ಮಗ್ಗುಲಿಗೆ ನವಾಬರ ಸವಣೂರು, ಅದರ ವೀಳ್ಯದೆಲೆ. ನಡುವೆ ಎರೆಯ ಹೊಲ. ಜೋಳ, ಹತ್ತಿ, ಮೆಣಸಿನಕಾಯಿ. ಈ ನೆಲದ ಒಕ್ಕಲುತನಕ್ಕೆ ಕೈಗಳು ಬೇಕು, ಕೈಗಳು ಹೆಚ್ಚಿದಷ್ಟೂ ಬಾಯಿಗಳು ಹೆಚ್ಚು. ದೊಡ್ಡ ಮನೆತನಗಳು ಇಲ್ಲಿ ಬೆಳೆದುದು ಬರಿಯ ಪ್ರೀತಿಯಿಂದಲ್ಲ.

ನಾನು ಬುದ್ಧಿ ತಿಳಿದು ನೋಡಿದಾಗ, ಎಂದರೆ 1980ರ ದಶಕದ ಕೊನೆಗೆ, ನಮ್ಮ ಮನೆಯಲ್ಲಿ ಮೂವತ್ತೊಂದು ಜನ. ಆಯಿ ಇದ್ದಳು, ಆದರೆ ಹಾಸಿಗೆ ಹಿಡಿದಿದ್ದಳು. ನನ್ನ ತಂದೆ, ಇಬ್ಬರು ಕಾಕಾಗಳು, ಅವರ ಹೆಂಡಿರು ಮಕ್ಕಳು, ಅಜ್ಜನ ತಮ್ಮನ ಕಡೆಯವರು, ಓದಲು ಬಂದಿದ್ದ ಅತ್ತೆಯ ಮಕ್ಕಳಿಬ್ಬರು, ದನ ನೋಡಿಕೊಳ್ಳುವ ಆಳು. ದೊಡ್ಡವ್ವ ಮನೆಯ ಹಿರಿಯ ಸೊಸೆ. ಗಂಡ 1960ರ ದಶಕದಲ್ಲಿಯೇ ತೀರಿಕೊಂಡಿದ್ದ, ಮಕ್ಕಳಿಲ್ಲ. ಅಡಿಗೆಮನೆಯ ಬೀಗದ ಕೈಗಳು ಆಕೆಯ ಸೊಂಟದಲ್ಲಿದ್ದವು.

ಬೆಳಿಗ್ಗೆ ಆಕೆಯ ಮೊದಲ ಮಾತು ಒಂದೇ: “ಇವತ್ತ ಎಷ್ಟ ತಲಿ?” ಪಾಳಿಯ ಸೊಸೆ ಉತ್ತರ ಹೇಳಬೇಕು: “ಮೂವತ್ತೊಂದು ಯಕ್ಕಾ, ಮ್ಯಾಲ ಇಬ್ಬರು ಬೀಗರು.” ದುಡಿಯುವ ಗಂಡಸಿಗೆ ಹೊತ್ತಿಗೆ ಮೂರು ರೊಟ್ಟಿ, ಹೆಂಗಸಿಗೆ ಎರಡು, ಹುಡುಗರಿಗೆ ಒಂದು ಎಂದು ಹಿಡಿದರೂ ದಿನಕ್ಕೆ 130ರ ಮೇಲೆ ರೊಟ್ಟಿ ಆಗಬೇಕು. ಎರಡು ಒಲೆ, ಎರಡು ಹಂಚು. ಇಬ್ಬರು ಬಡಿಯುವವರು, ಇಬ್ಬರು ಬೇಯಿಸುವವರು. ಎರಡೂವರೆ ತಾಸು ಎಡೆಬಿಡದೆ ಆ ಬಡಿತ ನಡೆಯುತ್ತಿತ್ತು. ನಾನು ಹೊಸ್ತಿಲ ಮೇಲೆ ಕುಳಿತು ಪಾಠ ಓದುತ್ತಿದ್ದೆ. ಗಂಡುಹುಡುಗನಾದ್ದರಿಂದ ಒಳಗೆ ಹೋಗುವ ಪ್ರಸಂಗವೇ ನನಗೆ ಬರಲಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬರೆಯುತ್ತಿರುವುದು ಹೊಸ್ತಿಲಿಂದ ಕಂಡ ಇತಿಹಾಸ.

ಜೋಳವನ್ನು ಆಕೆ ತೂಗುತ್ತಿರಲಿಲ್ಲ, ಅಳೆಯುತ್ತಿದ್ದಳು. ಸರಕಾರ 1956ರಲ್ಲಿ ತೂಕ ಅಳತೆಗಳ ಕಾಯಿದೆ ಮಾಡಿ, 1958ರಿಂದ 1962ರ ಹೊತ್ತಿಗೆ ಪೇಟೆಯನ್ನೆಲ್ಲ ಕಿಲೋಗ್ರಾಮಿಗೆ ತಿರುಗಿಸಿತು. ದೊಡ್ಡವ್ವನ ಉಗ್ರಾಣದ ಬಾಗಿಲಿನಲ್ಲಿ ಆ ಕಾಯಿದೆ ತಡೆದು ನಿಂತಿತ್ತು. ಅಲ್ಲಿ ಸೇರು, ಅಚ್ಚೇರು, ಪಾವು. ಹಿತ್ತಾಳೆಯ ಒಂದು ಪಾವು ಆಕೆಯ ಕೈ ಬಿಟ್ಟು ಹೋಗುತ್ತಿರಲಿಲ್ಲ. ಅಳೆಯುವುದೆಂದರೆ ತುಂಬಿ, ಅಂಗೈಯಿಂದ ಬಾಯಿ ಸವರಿ, ಹಾಕಬೇಕು. ಗೋಪುರ ಕಟ್ಟಿದರೆ ಆಕೆಗೆ ಸೇರದು. ನಮ್ಮ ಶಾಸನಗಳ ತುಂಬ ದೇವರ ನೈವೇದ್ಯಕ್ಕೆ, ತಪೋಧನರ ಆಹಾರದಾನಕ್ಕೆ ಬಿಟ್ಟ ಅಕ್ಕಿಯ ಲೆಕ್ಕ ಮಾನ, ಬಳ್ಳ, ಕೊಳಗ, ಖಂಡುಗಗಳಲ್ಲಿ ಬರುತ್ತದೆಯಷ್ಟೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕಲ್ಲಿನ ಮೇಲೆ ಕೊರೆದ ಆ ಅಂಕೆಗಳನ್ನು ಓದುವಾಗ ಯಾವನೋ ಒಬ್ಬ ಸೇನಬೋವ ನನಗೆ ಕಾಣುವುದಿಲ್ಲ, ಬಾಯಿ ಸವರುವ ಅಂಗೈ ಕಾಣುತ್ತದೆ.

ಅಕ್ಷರ ಬಾರದ ದೊಡ್ಡವ್ವನಿಗೂ ಒಂದು ಕಡತವಿತ್ತು. ಉಗ್ರಾಣದ ಒಳಗೋಡೆಯ ಮೇಲೆ ಸುಣ್ಣದ ಗೆರೆಗಳು. ಒಂದು ಚೀಲ ಜೋಳ ಬಿಚ್ಚಿದರೆ ಉದ್ದ ಗೆರೆ, ಬೀಸಲು ಗಿರಣಿಗೆ ಹೋದರೆ ಅದಕ್ಕೊಂದು ಅಡ್ಡ ಗೆರೆ. ಎಣ್ಣೆಯ ಡಬ್ಬಿಗೆ ಚುಕ್ಕೆ. ಬೆಲ್ಲದ ಪೆಂಟೆಗೆ ಸೊನ್ನೆ. ವರ್ಷಕ್ಕೆ 40 ಚೀಲಕ್ಕೂ ಮೇಲೆ ಜೋಳ ಹಿಡಿಯುವ ಮನೆ. ಸುಗ್ಗಿಯಿಂದ ಸುಗ್ಗಿಗೆ ಲೆಕ್ಕ ಮುಟ್ಟಬೇಕು. ದೀಪಾವಳಿಯ ಹೊತ್ತಿಗೆ ಆಕೆ ಗೋಡೆಯ ಮುಂದೆ ನಿಂತು ಎಣಿಸುತ್ತಿದ್ದಳು. ಗೆರೆಗಳು ಮುಂದೋಡಿದ್ದರೆ ಮರುದಿನದಿಂದ ರಾತ್ರಿಯ ಊಟಕ್ಕೆ ನುಚ್ಚು ಮಜ್ಜಿಗೆ. ಯಾರೂ ಕಾರಣ ಕೇಳುತ್ತಿರಲಿಲ್ಲ. ಗೋಡೆ ಹೇಳಿದೆ ಎಂದರೆ ಮುಗಿಯಿತು.

ಬೇಸಿಗೆಯ ಖಾರದ ಕೆಲಸವನ್ನು ಬಿಟ್ಟು ಈ ಮಾತು ಮುಂದೆ ಹೋಗಲಾರದು. ಅದೇ ರೈಲುದಾರಿಯ ಮೇಲೆ ಕೆಲವೇ ನಿಲ್ದಾಣಗಳ ಆಚೆ ಬ್ಯಾಡಗಿ ಇದೆ. ಕೆಂಬಣ್ಣ ಹೆಚ್ಚು, ಉರಿ ಕಡಿಮೆ ಇರುವ ಆ ಸುಕ್ಕು ಮೆಣಸಿನಕಾಯಿಯ ಹೆಸರನ್ನು ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಚೈತ್ರದ ಬಿಸಿಲಿಗೆ ಕಾಯಿ ಒಣಹಾಕಿ, ತೊಟ್ಟು ಮುರಿದು, ಒರಳಿನಲ್ಲಿ ಕುಟ್ಟಿ, ವರ್ಷದ ಖಾರವನ್ನು ಗಡಿಗೆಗೆ ತುಂಬುವುದು ಎಂಟು ದಿನಗಳ ಕೆಲಸ. ಓಣಿಯೆಲ್ಲ ಸೀನು. ಆ ಗಡಿಗೆಗಳನ್ನು ಒಂದರ ಮೇಲೊಂದು ಅಡಕಲು ಏರಿಸಿಡುತ್ತಿದ್ದರು. ಕೆಳಗಿನದರಲ್ಲಿ ಹೆಚ್ಚು ದಿನ ಬಾಳುವುದು, ಮೇಲಿನದರಲ್ಲಿ ಮೊದಲು ತೀರುವುದು: ಖಾರ, ಬೇಳೆ, ಗುರೆಳ್ಳು, ಅಗಸಿ, ಹುಣಸೆ. ಕತ್ತಲೆಯಲ್ಲಿಯೂ ಕೈ ತಪ್ಪಬಾರದು. ಯಾವ ಗಡಿಗೆ ಎಲ್ಲಿ ಎಂಬುದು ಹೊಸ ಸೊಸೆ ಕಲಿಯಬೇಕಾದ ಮೊದಲ ಪಾಠ. ರುಚಿ ಆಮೇಲೆ.

ಕೆಲಸಕ್ಕೆ ಪಾಳಿ. ಒಬ್ಬಳಿಗೆ ಎಂಟು ದಿನ ಒಲೆ, ಇನ್ನೊಬ್ಬಳಿಗೆ ನೀರು ಮತ್ತು ಭಾಂಡೆ, ಮತ್ತೊಬ್ಬಳಿಗೆ ಹಾಲು ಮಜ್ಜಿಗೆ, ಮಗದೊಬ್ಬಳಿಗೆ ಹೊಲಕ್ಕೆ ಬುತ್ತಿ ಕಟ್ಟುವುದು. ಬಸುರಿ ಬಾಣಂತಿಯರಿಗೆ ಒಲೆಯಿಂದ ಬಿಡುವು. ತವರಿಗೆ ಹೋಗುವವಳು ತನ್ನ ಪಾಳಿಯನ್ನು ಯಾರಿಗಾದರೂ ಒಪ್ಪಿಸಿ, ಬಂದ ಮೇಲೆ ತೀರಿಸಬೇಕು. ನೆಗೆಣ್ಣಿಯರ ನಡುವೆ ಜಗಳ ಇರಲಿಲ್ಲವೆಂದರೆ ಯಾರೂ ನಂಬಲಾರರು. ಇತ್ತು, ಕೆಲವು ಸಲ ಮೂರು ದಿನ ಮಾತು ಬಿಡುವ ಮಟ್ಟಿಗೂ ಇತ್ತು. ಆದರೆ ಮಾತು ಬಿಟ್ಟವರೂ ಒಂದೇ ಹಂಚಿನ ಎರಡು ಬದಿಗೆ ಕುಳಿತು ರೊಟ್ಟಿ ಬಡಿಯುವುದು ತಪ್ಪುತ್ತಿರಲಿಲ್ಲ.

ತುಪ್ಪದ ವಿಷಯಕ್ಕೆ ಮಾತ್ರ ಪಾಳಿ ಇಲ್ಲ. ಈ ಕಟ್ಟಳೆ ನನಗೆ ಅರ್ಥವಾದುದು ಬಹಳ ವರ್ಷಗಳ ಮೇಲೆ. ರೊಟ್ಟಿಯನ್ನು ಎಣಿಸಬಹುದು, ಸಾರನ್ನು ಸೌಟಿನಿಂದ ಅಳೆಯಬಹುದು. ತುಪ್ಪ ಮಾತ್ರ ಕೈಯ ವಾಲಿಕೆಯಿಂದ ಬೀಳುವ ಪದಾರ್ಥ. ತಾಯಿ ತನ್ನ ಮಗುವಿನ ತಾಟಿನ ಹತ್ತಿರ ಬಂದಾಗ ಮಿಳ್ಳಿ ಅರೆಗಳಿಗೆ ಹೆಚ್ಚು ವಾಲಿಯೇ ವಾಲುತ್ತದೆ. ಅದನ್ನು ತಪ್ಪೆನ್ನುವುದು ಕಷ್ಟ. ಆದರೆ ಪಕ್ಕದ ತಾಟಿನ ಕಣ್ಣು ಅದನ್ನು ಕಾಣುತ್ತದೆ, ಆ ಕಣ್ಣಿನ ತಾಯಿಗೆ ರಾತ್ರಿ ಸುದ್ದಿ ಮುಟ್ಟುತ್ತದೆ, ಬೆಳಗಾಗುವ ಹೊತ್ತಿಗೆ ಗಂಡಸರ ಕಿವಿ ಸೇರುತ್ತದೆ. ಎಷ್ಟು ಮನೆಗಳು ಹೀಗೆ ಒಡೆದಿಲ್ಲ! ನಮ್ಮ ಮನೆಯಲ್ಲಿ ಹುಡುಗರ ಪಂಕ್ತಿಗೆ ತುಪ್ಪ ಬಡಿಸುವವಳು ದೊಡ್ಡವ್ವ ಒಬ್ಬಳೇ. ಆಕೆಗೆ ತನ್ನದೆನ್ನುವ ಮಗು ಆ ಸಾಲಿನಲ್ಲಿ ಇರಲಿಲ್ಲ. ಆ ಇಲ್ಲದಿರುವಿಕೆಯ ಮೇಲೆಯೇ ಮೂವತ್ತು ವರ್ಷ ನಮ್ಮ ಮನೆಯ ಶಾಂತಿ ನಿಂತಿತ್ತು ಎಂದು ಈಗ ನನಗೆ ಅನಿಸುತ್ತದೆ. ಆಗ ಯಾರೂ ಹಾಗೆಂದುಕೊಳ್ಳಲಿಲ್ಲ. ಆಕೆ ಅಂದುಕೊಂಡಿರಬಹುದು.

ನಮ್ಮ ಹಳೆಯ ಸಾಹಿತ್ಯದಲ್ಲಿ ಅಡಿಗೆಯ ಗ್ರಂಥಗಳಿಗೆ ಕೊರತೆಯಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮನೆ ಕಟ್ಟುವುದು, ನೀರು ಹುಡುಕುವುದು, ಗಿಡ ಬೆಳೆಸುವುದು ಇವುಗಳೊಡನೆ ಸೂಪಶಾಸ್ತ್ರವೂ ಇದೆ. ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. 16ನೆಯ ಶತಮಾನದ ಆದಿಯ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದ. ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’ ಅರಮನೆಯ ಅಡಿಗೆಮನೆ, ಒಲೆ, ಪಾತ್ರೆಗಳನ್ನೂ ವರ್ಣಿಸುತ್ತದೆ. ಇವೆಲ್ಲ ದೊಡ್ಡ ಗ್ರಂಥಗಳೇ, ನಾನು ಪಾಠ ಹೇಳುವಂಥವೇ. ಆದರೆ ಇವುಗಳ ಲಕ್ಷ್ಯವೆಲ್ಲ ಉಣ್ಣುವವನ ನಾಲಗೆಯ ಮೇಲೆ. ಬರೆದವರು ಅರಸರು, ಅರಸರ ಆಶ್ರಯದವರು. ಇರುವಷ್ಟರಲ್ಲಿ ಮೂವತ್ತು ಜನಕ್ಕೆ ಮುನ್ನೂರರುವತ್ತೈದು ದಿನ ಹೇಗೆ ಮುಟ್ಟಿಸಬೇಕು, ತುಪ್ಪದ ಮಿಳ್ಳಿ ಯಾರ ಕೈಯಲ್ಲಿರಬೇಕು ಎಂಬ ಶಾಸ್ತ್ರ ಬೇರೆಯದೇ. ಅದನ್ನು ಬಲ್ಲವರು ಬರೆಯಲಿಲ್ಲ, ಬರೆಯಬಲ್ಲವರು ಅದನ್ನು ಕಲಿಯಲಿಲ್ಲ.

ಆ ಶಾಸ್ತ್ರ ಹುಟ್ಟಿದ್ದು ಸುಭಿಕ್ಷದಲ್ಲಲ್ಲ. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876–78ರಲ್ಲಿ, ಧಾರವಾಡ ಸೀಮೆಯನ್ನು ಸುಟ್ಟ ಬರದ ನೆನಪು ನಮ್ಮ ಮನೆಯಲ್ಲಿ ಗಾದೆಯಂತೆ ಉಳಿದಿತ್ತು. ಮನೆಯ ಮುಂದೆ ಹಗೇವು ಇತ್ತು: ನೆಲದೊಳಗೆ ತೋಡಿದ ಹೊಟ್ಟೆ ದೊಡ್ಡದು, ಬಾಯಿ ಸಣ್ಣದಾದ ಕುಣಿ, ಒಳಗೆ ಹುಲ್ಲಿನ ಹೊದಿಕೆ, ಮೇಲೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಜೋಳ ಅದರಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಬಾಯಿ ತೆಗೆದ ಕೂಡಲೆ ಇಳಿಯುವಂತಿಲ್ಲ, ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಮೊದಲು ದೀಪ ಇಳಿಬಿಟ್ಟು, ಅದು ಉರಿಯುತ್ತಿದ್ದರೆ ಆಳು ಇಳಿಯಬೇಕು. ಎರಡನೆಯ ಮಹಾಯುದ್ಧದ ಕಾಲಕ್ಕೆ ಮುಂಬಯಿ ಪ್ರಾಂತದಲ್ಲಿ ರೇಷನ್ ಬಂದಾಗಿನ ಕಥೆ ಆಯಿಯದು. 1960ರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟು ಅಮೆರಿಕದ ಕೆಂಪು ಮೈಲೋ ಜೋಳ ಹಡಗಿನಲ್ಲಿ ಬಂದಾಗಿನ ಕಥೆ ದೊಡ್ಡವ್ವನದು. “ಅದರ ಹಿಟ್ಟಿಗೆ ಜಿಗಿನ ಇರಲಿಲ್ಲ ತಮ್ಮಾ, ತಟ್ಟಿದ್ರ ಒಡೀತಿತ್ತು” ಎನ್ನುತ್ತಿದ್ದಳು. ಮನೆಯ ಜೋಳವನ್ನು ಅದಕ್ಕೆ ಅರ್ಧಕ್ಕರ್ಧ ಬೆರಸಿ ತಟ್ಟಿದರಂತೆ. ಬಿಳಿಯ ಜೋಳದ್ದೇ ನಾಲ್ಕು ರೊಟ್ಟಿ ಗಂಡಸರಿಗೆಂದು ಬೇರೆ ಮಾಡೋಣವೆಂದು ಯಾರೋ ಅಂದರಂತೆ. “ನಾ ಒಲ್ಲೆ ಅಂದೆ. ಎಲ್ಲಾರ ತಾಟಿನ್ಯಾಗೂ ಒಂದ ಬಣ್ಣ.” ಆಗ ಆಕೆಗೆ ಮೂವತ್ತೈದು ತುಂಬಿರಲಿಲ್ಲ. ಅದೇ ವರ್ಷ ಆಯಿ ಬೀಗದ ಕೈಗಳನ್ನು ಆಕೆಗೆ ಕೊಟ್ಟಳು.

ಮನೆ ಒಂದೇ ಎನ್ನುವುದಕ್ಕೆ ನಮ್ಮಲ್ಲಿ ಹಿಡಿಯುವ ಗುರುತು ಒಲೆ. ಪಾಲಾಗುವುದನ್ನು ‘ಬ್ಯಾರೆ ಒಲಿ ಹೂಡೋದು’ ಎನ್ನುತ್ತೇವೆ. ಪಂಡಿತರೂ ಹಾಗೆಯೇ ಅನ್ನುತ್ತಾರೆ: ಇರಾವತಿ ಕರ್ವೆಯವರು 1953ರಲ್ಲಿ ಒಟ್ಟು ಕುಟುಂಬಕ್ಕೆ ಲಕ್ಷಣ ಹೇಳುವಾಗ ಒಂದು ಸೂರು, ಒಂದು ಒಲೆಯ ಊಟ, ಒಂದು ಆಸ್ತಿ ಎಂದರು. ಸರಕಾರದ ಜನಗಣತಿಯವರು ಬಂದು ಕೇಳುವುದೂ ಇದನ್ನೇ; ಒಂದೇ ಅಡಿಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. 19ನೆಯ ಶತಮಾನದಲ್ಲಿ ಪ್ರಿವಿ ಕೌನ್ಸಿಲ್ಲಿನ ನ್ಯಾಯಾಧೀಶರು, ಹಿಂದೂ ಕುಟುಂಬವು ಅನ್ನದಲ್ಲಿ, ಆರಾಧನೆಯಲ್ಲಿ, ಆಸ್ತಿಯಲ್ಲಿ ಒಂದಾಗಿರುವುದೇ ಸಹಜವೆಂದು ತೀರ್ಮಾನಿಸಿದರು. ಅನ್ನ ಬೇರೆಯಾದ ಮಾತ್ರಕ್ಕೆ ಆಸ್ತಿ ಬೇರೆಯಾದಂತಲ್ಲವೆಂಬ ತಿದ್ದುಪಡಿಯನ್ನೂ ನ್ಯಾಯಾಲಯಗಳು ಸೇರಿಸಿದವು. ಆದರೂ ಸಾಕ್ಷಿಯ ಕಟ್ಟೆಯಲ್ಲಿ ಮೊದಲ ಪ್ರಶ್ನೆ ಒಲೆಯದೇ ಆಗುತ್ತಿತ್ತು. ಇದರಲ್ಲೊಂದು ವಿಚಿತ್ರ ಉಂಟು. ಮನೆಯ ಐಕ್ಯಕ್ಕೆ ಒಲೆ ಸಾಕ್ಷಿ. ಒಲೆಯನ್ನು ನಡೆಯಿಸಿದವಳಿಗೆ ಆ ಐಕ್ಯದಲ್ಲಿ ಪಾಲು? ವಿಕ್ರಮಾದಿತ್ಯನ ಆಳಿಕೆಯಲ್ಲಿ ನಮ್ಮ ಕಲ್ಯಾಣದಲ್ಲಿಯೇ ಕುಳಿತು ವಿಜ್ಞಾನೇಶ್ವರನು ‘ಮಿತಾಕ್ಷರ’ ಬರೆದ. ಅದರ ಮೇಲೆ ಬೆಳೆದ ಕಾನೂನು ಗಂಡುಮಗುವಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಸೊಸೆಗೆ ಅಶನ ವಸನ. ವಿಧವೆಗೆ 1937ರ ಕಾಯಿದೆ ಒಂದು ಸೀಮಿತ ಹಕ್ಕನ್ನು, 1956ರ ಉತ್ತರಾಧಿಕಾರ ಕಾಯಿದೆ ಗಂಡನ ಪಾಲಿನಲ್ಲಿ ಪೂರ್ಣ ಹಕ್ಕನ್ನು ಕೊಟ್ಟವು. ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದುದು 1994ರ ಜುಲೈ 30ರಂದು. ಅದೂ ಅಂದಿಗೆ ಮದುವೆಯಾಗದವರಿಗೆ.

ಅದೇ ವರ್ಷ ಚಳಿಗಾಲದಲ್ಲಿ ನಮ್ಮ ಮನೆ ಪಾಲಾಯಿತು. ನನಗೆ ಹದಿನಾಲ್ಕು. ಆಯಿ ತೀರಿದ್ದಳು. ಅಜ್ಜನ ತಮ್ಮನ ಕಡೆಯವರು ಮೊದಲೇ ಬೇರೆಯಾಗಿದ್ದರು; ಉಳಿದ ಮೂವರು ಅಣ್ಣತಮ್ಮಂದಿರು, ಊರ ಹಿರಿಯರು ಪಡಸಾಲೆಯಲ್ಲಿ ಕುಳಿತರು. ಕಾರಣ ದೊಡ್ಡದೇನಲ್ಲ, ಹುಡುಗರ ಕಾಲೇಜು, ಒಬ್ಬ ಕಾಕಾನ ಹುಬ್ಬಳ್ಳಿಯ ವ್ಯಾಪಾರ, ಬಾವಿಯ ಸಾಲ. ಹೊಲ ಮೂರು ಪಾಲಾಯಿತು. ಹಂಡೆ, ಕೊಪ್ಪರಿಗೆ, ಪರಾತಗಳನ್ನು ತಕ್ಕಡಿಯಲ್ಲಿ ತೂಗಿ ಹಂಚಿದರು. ಅಡಕಲು ಗಡಿಗೆಗಳನ್ನು ಇಳಿಸಿ ಸಾಲಾಗಿ ಇಟ್ಟಾಗ ಅವು ಬಹಳ ಸಣ್ಣವಾಗಿ ಕಂಡವು. ದೊಡ್ಡವ್ವ ಒಬ್ಬಳೇ ಅವುಗಳಲ್ಲಿದ್ದುದನ್ನು ಮೂರು ಭಾಗ ಮಾಡಿದಳು, ಅದೇ ಪಾವಿನಿಂದ, ಬಾಯಿ ಸವರಿ. ಯಾರೂ ಮರಳಿ ಅಳೆದು ನೋಡಲಿಲ್ಲ.

ಪಾಲು ನಾಲ್ಕಾಗಬೇಕಿತ್ತು. ದೊಡ್ಡಪ್ಪ ಸತ್ತುದು 1956ರ ಆಚೆಗೆ. ಅವನ ಪಾಲಿನಲ್ಲಿ ಹೆಂಡತಿಗೆ ಹಕ್ಕಿತ್ತು. ಕಾನೂನು ಬಲ್ಲವರು ಪಡಸಾಲೆಯಲ್ಲಿ ಒಬ್ಬಿಬ್ಬರಾದರೂ ಇದ್ದರು. ಯಾರೂ ಹೇಳಲಿಲ್ಲ. ನನ್ನ ತಂದೆಯೂ ಹೇಳಲಿಲ್ಲ. ಕೆಟ್ಟ ಮನುಷ್ಯನಲ್ಲ ಆತ, ಅತ್ತಿಗೆಯ ಮಾತನ್ನು ಎಂದೂ ಮೀರಿದವನಲ್ಲ. “ನನಗ ಯಾಕ ಹೊಲ? ನಾಕ ಮನಿ ಮಕ್ಕಳು ನನ್ನವ” ಎಂದು ಆಕೆಯೇ ಅಂದಳೆಂದು ಮುಂದೆ ಎಲ್ಲರೂ ಹೇಳುತ್ತಿದ್ದರು. ಅಂದದ್ದು ನಿಜ. ಯಾರಾದರೂ ಕೇಳಿದ ಮೇಲೆ ಅಂದಳೋ, ಕೇಳುವ ಮೊದಲೇ ಅಂದಳೋ ಎಂಬುದು ಬೇರೆ ಮಾತು. ವಾಟ್ನಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಕೈ ತೊಳೆದುಕೊಂಡು, ಬಂದವರಿಗೆ ಚಹಾಕ್ಕೆ ಇಡಲು ಒಳಗೆ ಹೋದಳು.

ಆಮೇಲಿನ ವ್ಯವಸ್ಥೆ ಸರಳ. ವರ್ಷಕ್ಕೆ ಮೂರು ಮನೆ. ಒಂದೊಂದು ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು. ಇದಕ್ಕೂ ಜನ ‘ಪಾಳಿ’ ಎಂದೇ ಅಂದರು. “ಈಗ ದೊಡ್ಡವ್ವನ ಪಾಳಿ ಯಾರದು?” ಎಂದು ಬೀಗರು ಕೇಳುವುದನ್ನು ನಾನೇ ಕೇಳಿದ್ದೇನೆ. ಮೂರು ದಶಕ ಪಾಳಿ ಹಚ್ಚಿದವಳಿಗೆ ಪಾಳಿ ಹಚ್ಚಲಾಯಿತು. ಆಕೆಗೆ ಯಾರೂ ಅನ್ನಕ್ಕೆ ಕೊರತೆ ಮಾಡಲಿಲ್ಲವೆಂದು ನ್ಯಾಯವಾಗಿ ಹೇಳಬೇಕು. ನಮ್ಮ ಮನೆಯಲ್ಲಿದ್ದಾಗ ಬೆಳಿಗ್ಗೆ ಎದ್ದು “ಎಷ್ಟ ತಲಿ?” ಎಂದು ಕೇಳುವ ರೂಢಿ ಹೋಗಿರಲಿಲ್ಲ. “ಐದು ಯಕ್ಕಾ, ಗ್ಯಾಸ್ ಹಚ್ಚೇನಿ, ನೀವು ಕೂಡ್ರಿ” ಎಂದು ಅವ್ವ ಅನ್ನುವಳು.

ಒಟ್ಟು ಕುಟುಂಬ ಒಡೆದುದೇ ಕೇಡು ಎಂದು ಹಲುಬುವ ಲೇಖನಗಳು ಬಹಳ ಬಂದಿವೆ. ನನಗೆ ಆ ಹಲುಬು ಬೇಡ. ಧಾರವಾಡದ ಬಳಿಯ ಲೋಕೂರಿನಲ್ಲಿ ನೂರಕ್ಕೂ ಮೀರಿದ ಜನ ಒಂದೇ ಮನೆತನವಾಗಿ ಬಾಳಿದ ಸಂಗತಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಆ ವರದಿಗಳಲ್ಲಿ ರೊಟ್ಟಿಯ ರಾಶಿಯನ್ನು ಕಂಡು ಬೆರಗಾಗುತ್ತೇವೆ. ಬಡಿಯುವ ಕೈಗಳ ಪಾಲೆಷ್ಟು ಎಂದು ಕೇಳುವವರು ಕಡಿಮೆ. ನನ್ನ ಅವ್ವನಿಗಂತೂ ಬೇರೆ ಒಲೆ ಹೂಡಿದ ದಿನ ಜೀವನದಲ್ಲಿ ಮೊದಲ ಸಲ ಬಿಸಿ ರೊಟ್ಟಿ ತಾನೇ ಉಂಡೆನೆಂಬ ನೆನಪಿದೆ. ಅದನ್ನು ಆಕೆ ದೊಡ್ಡವ್ವನ ಎದುರಿಗೆ ಎಂದೂ ಹೇಳಲಿಲ್ಲ.

ದೊಡ್ಡವ್ವ 2007ರಲ್ಲಿ, ಸಣ್ಣ ಕಾಕಾನ ಪಾಳಿಯ ತಿಂಗಳಲ್ಲಿ, ತೀರಿಕೊಂಡಳು. ಟ್ರಂಕಿನಲ್ಲಿ ಎರಡು ಇಳಕಲ್ಲ ಸೀರೆ, ಯಾವ ಬಾಗಿಲಿಗೂ ಸೇರದ ಬೀಗದ ಕೈಗಳ ಗೊಂಚಲು, ಆ ಪಾವು. ಪಾವು ಈಗ ನಮ್ಮ ಮನೆಯಲ್ಲಿದೆ. ನನ್ನ ಹೆಂಡತಿ ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಉಗ್ರಾಣದ ಗೋಡೆಗೆ ಬಣ್ಣ ಬಂದು ಸುಣ್ಣದ ಗೆರೆಗಳು ಹೋದವು. ಹಗೇವಿನ ಬಾಯಿಯ ಮೇಲೆ ಓಣಿಯ ಕಾಂಕ್ರೀಟು ಬಂದಿದೆ.

ಕಳೆದ ವರ್ಷ ಹೊಲದ ಖಾತೆಯ ಕೆಲಸಕ್ಕೆ ಆ ವಾಟ್ನಿ ಪತ್ರದ ನಕಲು ಬೇಕಾಯಿತು. ತಂದೆಯದು, ಕಾಕಾಗಳದು ಹೆಸರು, ವಯಸ್ಸು. ಉದ್ಯೋಗ: ಒಕ್ಕಲುತನ, ವ್ಯಾಪಾರ. ಕೊನೆಯ ಪುಟದಲ್ಲಿ, ತನಗೆ ಯಾವ ಹಕ್ಕೂ ಬೇಡವ���ಂಬ ಒಪ್ಪಿಗೆಯ ಕೆಳಗೆ, ಮಸಿ ಕಲೆಸಿದ ಒಂದು ಹೆಬ್ಬೆಟ್ಟು. ಅದರ ಪಕ್ಕದಲ್ಲಿ ಕಾರಕೂನನ ಗುಂಡನೆಯ ಅಕ್ಷರ: ‘ವಯಸ್ಸು 63, ಉದ್ಯೋಗ ಮನೆಗೆಲಸ.’